ಡಾಕ್ಟರ್ ಚೀಟಿ ತೋರಿಸಿ ಕಾರಿಗೆ ಟಿಂಟ್ ಹಾಕಿಸಬಹುದಾ?

[ಡ್ಯಾಶ್‌ಬೋರ್ಡ್ ಶಾಟ್. ಸಂಜೆ ಐದೂವರೆ, ತುಮಕೂರು ರಸ್ತೆ, ಎದುರಿಗೇ ಸೂರ್ಯ]

ಗಾಬರಿಯಾಗಬೇಡಿ, ಓಡಿಸುತ್ತಿರುವುದು ನನ್ನ ತಮ್ಮ. ಈ ಬಿಸಿಲು ನೋಡಿ. ನಿಮಗೆ ಕಣ್ಣು ಕುಕ್ಕುತ್ತದೆ, ಅಷ್ಟೇ. ಮೈಗ್ರೇನ್ ಇರುವ ನನಗೆ, ಮುಂದಿನ ಟ್ಯಾಂಕರ್ ಮೇಲೆ ಬಿದ್ದ ಬೆಳಕು ಒಂದು ಸಲ ಕಣ್ಣಿಗೆ ಹೊಡೆದರೂ ಸಾಕು, ನೆಲಮಂಗಲ ದಾಟುವಷ್ಟರಲ್ಲಿ ಎಡಗಣ್ಣಿನ ಹಿಂದೆ ಯಾರೋ ಕುಟ್ಟೋಕೆ ಶುರು ಮಾಡುತ್ತಾರೆ.

ಅದಕ್ಕೇ ಒಂದು ಪ್ಲ್ಯಾನ್ ಹಾಕಿದ್ದೆ. ಡಾಕ್ಟರ್ ಹತ್ತಿರ ಲೆಟರ್ ಬರೆಸಿಕೊಳ್ಳೋದು, ಕಾರಿನ ಗಾಜಿಗೆ ಕಪ್ಪು ಟಿಂಟ್, ಅಂದರೆ ಬೆಳಕು ತಡೆಯೋ ಫಿಲ್ಮ್ ಹಾಕಿಸೋದು, ಪೊಲೀಸರು ಹಿಡಿದರೆ ತೋರಿಸೋದು. ಕಣ್ಣಿನ ಡಾಕ್ಟರ್ ನಕ್ಕುಬಿಟ್ಟರು. "ಬರೆದು ಕೊಡ್ತೀನಿ, ಅದನ್ನ ತಗೊಂಡು ಹೋಗಿ ಯಾರಿಗೆ ಕೊಡ್ತೀರಿ?"

ನಿಜ. ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದ ಪ್ರಕಾರ ಮುಂದಿನ, ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ 70, ಪಕ್ಕದ ಗಾಜಿನಲ್ಲಿ ಶೇ 50 ಬೆಳಕು ಹಾಯಬೇಕು. ಕಾಯಿಲೆಯವರಿಗೆ ವಿನಾಯಿತಿ ಅಂತ ಅದರಲ್ಲಿ ಒಂದು ಸಾಲೂ ಇಲ್ಲ. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್ ಅಂಟಿಸುವುದನ್ನೇ ನಿಷೇಧಿಸಿತು, ಝಡ್ ಮತ್ತು ಝಡ್ ಪ್ಲಸ್ ಭದ್ರತೆಯವರನ್ನು ಬಿಟ್ಟು. ಆಮೇಲೆ ನಿಯಮಕ್ಕೆ ತಿದ್ದುಪಡಿ ಬಂತು, ಅದನ್ನು ಹಿಡಿದು 2024ರಲ್ಲಿ ಕೇರಳ ಹೈಕೋರ್ಟ್ ಈ 70-50 ಮಿತಿಯೊಳಗಿನ ಫಿಲ್ಮ್ ಹಾಕಬಹುದು ಅಂದಿತು.

ಆದರೆ ಅಂಗಡಿಯಲ್ಲಿ "50 ಪರ್ಸೆಂಟ್ ಬೆಳಕು ಬಿಡೋ ಫಿಲ್ಮ್, ಲೀಗಲ್ ಸಾರ್" ಅಂದರೆ ತಲೆ ಆಡಿಸಬೇಡಿ. ನಿಮ್ಮ ಗಾಜೇ ಶೇ 75 ಬೆಳಕು ಬಿಡುತ್ತಿದ್ದರೆ, ಅದರ ಮೇಲೆ ಆ ಫಿಲ್ಮ್ ಬಿದ್ದಾಗ ಉಳಿಯುವುದು 37.5. ಮಿತಿ ಹೋಯ್ತು ಅಲ್ವಾ?

ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರಿಗೆ ಇಂಥ ಲೆಟರ್ ನಡೆಯುತ್ತದೆ. ಡಾಕ್ಟರ್ ಅಥವಾ ಆಪ್ಟೋಮೆಟ್ರಿಸ್ಟ್ (ಕಣ್ಣು ಪರೀಕ್ಷಿಸಿ ಕನ್ನಡಕ ಬರೆದುಕೊಡುವವರು) ಸಹಿ ಹಾಕಿದ ಪತ್ರ ಜೊತೆಗಿದ್ದರೆ ಮುಂದಿನ ಸೀಟಿನ ಪಕ್ಕದ ಗಾಜಿಗೆ ನೆರಳಿನ ಪರದೆ ಹಾಕಬಹುದು. ಅಲ್ಲೂ ಅದು ತೆಗೆಯಲು ಬರುವಂಥದ್ದೇ ಆಗಿರಬೇಕು, ಕತ್ತಲಾದ ಮೇಲೆ ಬಳಸುವಂತಿಲ್ಲ.

[ಕನ್ನಡಕದ ಕ್ಲೋಸಪ್]

ನನಗಂತೂ ಡಾಕ್ಟರಿಂದ ಲೆಟರ್ ಸಿಗಲಿಲ್ಲ, ಬೈಗುಳ ಸಿಕ್ಕಿತು. ನಾನು ಮನೆಯೊಳಗೂ ಕೂಲಿಂಗ್ ಗ್ಲಾಸ್ ಹಾಕಿಕೊಂಡೇ ಓಡಾಡುತ್ತಿದ್ದೆ. ಕಣ್ಣು ಕತ್ತಲಿಗೇ ಒಗ್ಗಿಹೋಗಿ ಆಮೇಲೆ ಸುಮ್ನೆ ಟ್ಯೂಬ್‌ಲೈಟ್ ಹಾಕಿದರೂ ಚುಚ್ಚುತ್ತದಂತೆ. ಈಗ ಕನ್ನಡಕಕ್ಕೆ ಹಾಕಿಸಿರುವುದು ಎಫ್‌ಎಲ್-41 ಅನ್ನುವ ಟಿಂಟ್, ನೋಡಿ, ತಿಳಿ ಗುಲಾಬಿ ಬಣ್ಣ. ಮೈಗ್ರೇನ್‌ನವರನ್ನು ಜಾಸ್ತಿ ಕೆಣಕುವ ನೀಲಿ-ಹಸಿರು ಬೆಳಕನ್ನು ಇದು ಕಡಿಮೆ ಮಾಡುತ್ತದೆ. ಹಗಲಿಗೆ ಮಾತ್ರ, ರಾತ್ರಿ ಡ್ರೈವಿಂಗ್‌ಗೆ ಅಲ್ಲ. ತಮ್ಮನ ಪ್ರಕಾರ ಇದು ನನಗೆ ಒಪ್ಪಲ್ಲ. ಇರಲಿ.

ಬೆಳಕು ಚುಚ್ಚುವುದಕ್ಕೆ ಮೈಗ್ರೇನೇ ಕಾರಣ ಆಗಬೇಕಿಲ್ಲ. ಒಣಗಿದ ಕಣ್ಣು, ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಗಾಯ, ಕಣ್ಣೊಳಗಿನ ಉರಿಯೂತ, ಕೆಲವು ಮಾತ್ರೆಗಳೂ ಇರಬಹುದು. ಏಕಾಏಕಿ ಶುರುವಾಗಿ ಜೊತೆಗೆ ಕಣ್ಣು ನೋವು, ಕೆಂಪು, ಮಂಜು ಇದ್ದರೆ ಅವತ್ತೇ ತೋರಿಸಿ. ಜ್ವರ ಬಂದು ಕುತ್ತಿಗೆ ಬಿಗಿದರೆ ನೇರ ಎಮರ್ಜೆನ್ಸಿಗೆ.

[ಕಾರು ಪಕ್ಕಕ್ಕೆ ತಿರುಗುತ್ತದೆ]

ದಾಬಸ್‌ಪೇಟೆ ಬಂತು. ಸೂರ್ಯ ಇನ್ನೂ ಎದುರಿಗೇ ಇದ್ದಾನೆ. ಒಂದು ಟೀ ಕುಡಿಯೋಣ, ಅವನು ಇಳಿದ ಮೇಲೆ ಹೊರಟರಾಯ್ತು.