ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಮರುಅಳತೆಯ ಲೆಕ್ಕದಲ್ಲಿ ಒಂದು ಅರೆಬರೆ ದುರಸ್ತಿ

ನಮಸ್ಕಾರ. ಪುಣೆಯ ಎರಂಡವಣೆಯಲ್ಲಿರುವ ನನ್ನ ಕೋಣೆಯಿಂದ ಮಾತನಾಡುತ್ತಿದ್ದೇನೆ. ವೈದ್ಯಕೀಯ ಮತ್ತು ಫಿಸಿಯೋಥೆರಪಿ ಓದುವವರ ಥೀಸಿಸ್‌ಗಳಿಗೆ ಅಂಕಿಅಂಶದ ಲೆಕ್ಕ ನೋಡಿಕೊಡುವುದು ನನ್ನ ಕೆಲಸ; ಅವರಲ್ಲಿ ವಿಜಯಪುರ, ಬೆಳಗಾವಿ, ಕಲಬುರಗಿಯ ಕಡೆಯಿಂದ ಬಂದ ಕನ್ನಡದ ಮಕ್ಕಳೂ ಇದ್ದಾರೆ. ಈಚೆಗೆ ಬಂದ ಒಬ್ಬ ವಿದ್ಯಾರ್ಥಿನಿ ಮೊಣಕಾಲು ನೋವಿನ 16 ರೋಗಿಗಳನ್ನು ನಾಲ್ಕು ಭೇಟಿಗಳಲ್ಲಿ ಅಳೆದು, ರಿಪೀಟೆಡ್ ಮೆಷರ್ಸ್ ಅನೋವಾ (ಅದೇ ಜನರ ಮರುಅಳತೆಗಳ ಸರಾಸರಿಗಳನ್ನು ಒಟ್ಟಾಗಿ ಹೋಲಿಸುವ ಪರೀಕ್ಷೆ) ಮಾಡಿ, ಅದು ಬೇಡುವ ಸ್ಫೆರಿಸಿಟಿ ಎಂಬ ಷರತ್ತು ಮುರಿದದ್ದರಿಂದ ಗ್ರೀನ್‌ಹೌಸ್-ಗೈಸರ್ ತಿದ್ದುಪಡಿ ಹಾಕಿ, ಆಮೇಲೆ ಯಾವ ಭೇಟಿಗೂ ಯಾವ ಭೇಟಿಗೂ ವ್ಯತ್ಯಾಸವಿದೆ ಎಂದು ತಿಳಿಯಲು, ಜೋಡಿ ಜೋಡಿಯಾಗಿ ಹೋಲಿಸುವ ಟ್ಯೂಕಿ ಪರೀಕ್ಷೆ ನಡೆಸಿದ್ದರು. ಅಲ್ಲೇ ನಾನು ತಡೆದೆ. "ಸರ್, ಮೇನ್ ಟೆಸ್ಟಿಗೆ ಕರೆಕ್ಷನ್ ಹಾಕೀನಲ್ರಿ, ಮತ್ತ ಜೋಡಿಗೂ ಬೇಕೇನ್ರಿ?" ಎಂದು ಕೇಳಿದರು. ಬೇಕವ್ವ, ಜೋಡಿಗೇ ಮೊದಲು ಬೇಕು ಎಂದೆ.

ಸ್ಫೆರಿಸಿಟಿ ಎಂದರೆ ಇಷ್ಟೆ: ಯಾವುದೇ ಎರಡು ಭೇಟಿಗಳನ್ನು ತೆಗೆದುಕೊಂಡು ಪ್ರತಿ ರೋಗಿಯ ವ್ಯತ್ಯಾಸವನ್ನು ಲೆಕ್ಕ ಹಾಕಿದರೆ, ಆ ವ್ಯತ್ಯಾಸಗಳ ಚದುರುವಿಕೆ ಎಲ್ಲ ಜೋಡಿಗಳಲ್ಲೂ ಒಂದೇ ಆಗಿರಬೇಕು. ಕಾಲಕ್ರಮದಲ್ಲಿ ಅಳೆದ ದತ್ತಾಂಶದಲ್ಲಿ ಇದು ನಿಲ್ಲುವುದೇ ಅಪರೂಪ, ಏಕೆಂದರೆ ಹತ್ತಿರದ ಎರಡು ಅಳತೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ದೂರದವು ಅಷ್ಟಿಲ್ಲ. ಇದೇ ಪುಣೆಯಲ್ಲಿ ಕೆಲಸ ಮಾಡಿದ ಅಂಕಿಅಂಶ ತಜ್ಞ ಪಿ. ವಿ. ಸುಖಾತ್ಮೆಯವರು 1970ರ ದಶಕದಲ್ಲಿ ಆಹಾರ ಸೇವನೆಯ ವಿಷಯದಲ್ಲಿ ಹಿಡಿದದ್ದೂ ಈ ಎಳೆಯನ್ನೇ: ಒಬ್ಬನೇ ಮನುಷ್ಯನ ಇಂದಿನ ಅಳತೆ ನಿನ್ನೆಯದರ ನೆನಪನ್ನು ಹೊತ್ತಿರುತ್ತದೆ ಎಂಬುದು ಅವರ ವಾದವಾಗಿತ್ತು. ಅಪೌಷ್ಟಿಕತೆಯ ಬಗ್ಗೆ ಅವರು ಅದರಿಂದ ತೆಗೆದ ತೀರ್ಮಾನಗಳಿಗೆ ಬಲವಾದ ವಿರೋಧ ಬಂತು. ಅದು ಬೇರೆ ಕತೆ.

ಈಗ ವಿದ್ಯಾರ್ಥಿನಿಯ ಕೋಷ್ಟಕಕ್ಕೆ ಬರೋಣ. ಸಂಖ್ಯೆಗಳನ್ನು ದುಂಡಗೆ ಮಾಡಿ ಹೇಳುತ್ತೇನೆ. ನೋವನ್ನು 100 ಅಂಕದ ಅಳತೆಯಲ್ಲಿ ಗುರುತಿಸಲಾಗಿತ್ತು. ಮೊದಲ ಮತ್ತು ಎರಡನೆಯ ಭೇಟಿಗಳ ನಡುವೆ ನೋವು ಸರಾಸರಿ 3.2 ಅಂಕ ಇಳಿದಿತ್ತು, ವ್ಯತ್ಯಾಸಗಳ ಮಾನಕ ವಿಚಲನೆ (ಚದುರುವಿಕೆಯ ಅಳತೆ) 4. ಮೂರನೆಯ ಮತ್ತು ನಾಲ್ಕನೆಯ ಭೇಟಿಗಳ ನಡುವೆ ಇಳಿಕೆ 6 ಅಂಕ, ವಿಚಲನೆ ಮಾತ್ರ 12. ಕೆಲವರು ಚೆನ್ನಾಗಿ ಗುಣವಾಗಿದ್ದರು, ಕೆಲವರು ಇದ್ದಲ್ಲೇ ಇದ್ದರು, ಇಬ್ಬರಿಗೆ ನೋವು ಹೆಚ್ಚಿತ್ತು. ಟ್ಯೂಕಿ ಪರೀಕ್ಷೆ ನಾಲ್ಕು ಭೇಟಿಗಳಿಂದಾಗುವ ಆರೂ ಜೋಡಿಗಳ ಚದುರುವಿಕೆಯನ್ನು ಒಂದೇ ಪಾತ್ರೆಯಲ್ಲಿ ಕಲಸುತ್ತದೆ; ಕಲಸಿದ ಮೇಲೆ ಎಲ್ಲರ ಪಾಲಿಗೂ ಬಂದ ವಿಚಲನೆ 8. ಅದರಂತೆ ಮೊದಲ ಜೋಡಿಯ ಟಿ ಬೆಲೆ (ವಿಚಲನೆಯನ್ನು 16ರ ವರ್ಗಮೂಲ 4ರಿಂದ ಭಾಗಿಸಿದರೆ ದೋಷ; ಸರಾಸರಿ ಇಳಿಕೆಯನ್ನು ಆ ದೋಷದಿಂದ ಭಾಗಿಸಿದರೆ ಟಿ) 1.6, ಅಂದರೆ ವ್ಯತ್ಯಾಸವಿಲ್ಲ. ಕೊನೆಯ ಜೋಡಿಯದು 3, ಅಂದರೆ ವ್ಯತ್ಯಾಸವಿದೆ. ಪ್ರತಿ ಜೋಡಿಗೆ ಅದರದೇ ವಿಚಲನೆಯನ್ನು ಬಳಸಿದರೆ ಮೊದಲನೆಯದು 3.2ಕ್ಕೆ ಏರುತ್ತದೆ, ಕೊನೆಯದು 2ಕ್ಕೆ ಇಳಿಯುತ್ತದೆ. ಆರು ಹೋಲಿಕೆಗಳಿಗೆ ಬಾನ್‌ಫೆರೋನಿ ಗಡಿಯಾದ 0.0083 (ಪಿ ಬೆಲೆಗೆ, ಅಂದರೆ ಆಕಸ್ಮಿಕದ ಸಂಭವಕ್ಕೆ, ಇಡುವ ಎಂದಿನ ಗಡಿ 0.05ನ್ನು ಆರರಿಂದ ಭಾಗಿಸಿದ್ದು) ಹಾಕಿದರೂ ಮೊದಲನೆಯದು ನಿಲ್ಲುತ್ತದೆ, ಕೊನೆಯದು ಬೀಳುತ್ತದೆ. ದತ್ತಾಂಶ ಅದೇ, ತೀರ್ಪು ಮಾತ್ರ ತಲೆಕೆಳಗು.

ಗ್ರೀನ್‌ಹೌಸ್ ಮತ್ತು ಗೈಸರ್ 1959ರಲ್ಲಿ ಕೊಟ್ಟ ತಿದ್ದುಪಡಿಯನ್ನು ನಾನು ಹಳಿಯುತ್ತಿಲ್ಲ. ಅದು ಅನೋವಾದ ಒಟ್ಟಾರೆ ಎಫ್ ಪರೀಕ್ಷೆಯ ಸ್ವಾತಂತ್ರ್ಯಾಂಕಗಳನ್ನು (ಲೆಕ್ಕಕ್ಕೆ ಸಿಗುವ ಸ್ವತಂತ್ರ ಮಾಹಿತಿಯ ಎಣಿಕೆ) ತಗ್ಗಿಸುತ್ತದೆ, ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತದೆ. ಆದರೆ ಅದರ ಪರಿಣಾಮ ಜೋಡಿಗಳವರೆಗೆ ಹರಿಯುವುದಿಲ್ಲ. ಅದನ್ನು ಹಾಕಿ, ಮುಂದಿನ ಪುಟದಲ್ಲಿ ಕಲಸಿದ ದೋಷದಿಂದಲೇ ಜೋಡಿಗಳನ್ನು ತೂಗುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಸ್ಫೆರಿಸಿಟಿಯನ್ನು ಪರೀಕ್ಷಿಸುವ ಮೌಕ್ಲಿ ಪರೀಕ್ಷೆ ಪಾಸಾಗಿದೆಯಲ್ಲ ಎಂಬ ಧೈರ್ಯವೂ ಸಲ್ಲದು. 16 ಜನರ ದತ್ತಾಂಶದಲ್ಲಿ ದೋಷವನ್ನು ಹಿಡಿಯುವ ಶಕ್ತಿ ಅದಕ್ಕೆ ತೀರ ಕಡಿಮೆ. ಆದ್ದರಿಂದ ಸ್ಫೆರಿಸಿಟಿ ಮುರಿಯಲಿ ಬಿಡಲಿ, ಜೋಡಿಗಳಿಗೆ ಅವುಗಳದೇ ದೋಷವನ್ನು ಬಳಸಿ ಹೋಮ್ ವಿಧಾನದಿಂದ (ಪಿ ಬೆಲೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಗಡಿಯನ್ನು ಹಂತಹಂತವಾಗಿ ಸಡಿಲಿಸುವುದು) ತಿದ್ದಿ ಎನ್ನುವುದು ನನ್ನ ನಿಲುವು. 45ರ ಬದಲು 15 ಸ್ವಾತಂತ್ರ್ಯಾಂಕಗಳು ಉಳಿಯುತ್ತವೆ, ಸ್ವಲ್ಪ ಶಕ್ತಿ ನಷ್ಟವಾಗುತ್ತದೆ. ಆ ಬೆಲೆ ತೆರಲು ನಾನು ಸಿದ್ಧ. ಹೋಮ್ 1979ರಲ್ಲಿ ತೋರಿಸಿದ ಈ ದಾರಿ ಬಾನ್‌ಫೆರೋನಿಯಷ್ಟೇ ಸುರಕ್ಷಿತ, ಅದಕ್ಕಿಂತ ಕಡಿಮೆ ಜಿಪುಣ.

ಅಂಕಿಅಂಶದ ತಂತ್ರಾಂಶವಾದ ಎಸ್‌ಪಿಎಸ್‌ಎಸ್‌ನಲ್ಲಿ ಪೋಸ್ಟ್ ಹಾಕ್ (ಮುಖ್ಯ ಪರೀಕ್ಷೆಯ ನಂತರದ ಜೋಡಿ ಹೋಲಿಕೆ) ಗುಂಡಿಯನ್ನು ಒತ್ತಿದರೆ ಕಾಲದ ಅಂಶ ಪಟ್ಟಿಯಲ್ಲಿ ಕಾಣುವುದಿಲ್ಲ, ಗುಂಪುಗಳ ಅಂಶಗಳು ಮಾತ್ರ ಕಾಣುತ್ತವೆ. ಇದನ್ನು ಕಂಡು ಕಂಗೆಟ್ಟವರು ದತ್ತಾಂಶವನ್ನು ಉದ್ದಕ್ಕೆ ಪೇರಿಸಿ, ಭೇಟಿಗಳನ್ನು ನಾಲ್ಕು ಬೇರೆ ಗುಂಪುಗಳೆಂದು ಸಾಧಾರಣ ಅನೋವಾಗೆ ಹಾಕುತ್ತಾರೆ. 16 ರೋಗಿಗಳು ಒಂದೇ ರಾತ್ರಿಯಲ್ಲಿ 64 ಆಗುತ್ತಾರೆ. ಬೇಕಾದ ಹೋಲಿಕೆ ಅಂದಾಜು ಸರಾಸರಿಗಳ ವಿಭಾಗದಲ್ಲಿದೆ, ಅಲ್ಲಿ ಪ್ರತಿ ಜೋಡಿಗೂ ಅದರದೇ ದೋಷ ಬಳಕೆಯಾಗುತ್ತದೆ.

ಇನ್ನು ದತ್ತಾಂಶದ ಹಂಚಿಕೆ ನಾರ್ಮಲ್ (ಗಂಟೆಯಾಕಾರ) ಇಲ್ಲ ಎಂದ ತಕ್ಷಣ, ಅಂಕಗಳ ಬದಲು ಶ್ರೇಣಿಗಳನ್ನು ಹೋಲಿಸುವ ಫ್ರೀಡ್‌ಮನ್ ಪರೀಕ್ಷೆಗೆ ಓಡುವವರು. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಅವರೇ 1937ರಲ್ಲಿ ಕೊಟ್ಟದ್ದು ಅದು. ಜೋಡಿ ಹೋಲಿಕೆಯಲ್ಲಿ ನೋಡಬೇಕಾದ್ದು ಮೂಲ ಅಂಕಗಳ ಆಕಾರವನ್ನಲ್ಲ, ವ್ಯತ್ಯಾಸಗಳ ಆಕಾರವನ್ನು. ಅದನ್ನು ನೋಡಿ ಬಂದವರು ನನ್ನ ಬಳಿ ವಿರಳ. ಫ್ರೀಡ್‌ಮನ್ ನಂತರ ಜೋಡಿಗಳಿಗೆ ನೆಮೆನ್ಯಿ ಪರೀಕ್ಷೆ ಬಳಸಿದರೆ ಇನ್ನೊಂದು ತೊಡಕು: ಶ್ರೇಣಿಗಳನ್ನು ನಾಲ್ಕೂ ಭೇಟಿಗಳ ನಡುವೆ ಕೊಟ್ಟಿರುವುದರಿಂದ, ನಾಲ್ಕನೆಯ ಭೇಟಿಯನ್ನು ತೆಗೆದುಹಾಕಿದರೆ ಮೊದಲೆರಡರ ನಡುವಿನ ತೀರ್ಪೇ ಬದಲಾಗಬಹುದು. ಜೋಡಿಗೊಂದು ವಿಲ್ಕಾಕ್ಸನ್ ಪರೀಕ್ಷೆ (ಆ ಜೋಡಿಯ ವ್ಯತ್ಯಾಸಗಳಿಗೆ ಮಾತ್ರ ಶ್ರೇಣಿ ಕೊಡುವುದು) ಮಾಡಿ ಹೋಮ್ ತಿದ್ದುಪಡಿ ಹಾಕುವುದು ಮೇಲು; ವ್ಯತ್ಯಾಸಗಳು ಒಂದು ಕಡೆಗೆ ತೀರ ವಾಲಿದ್ದರೆ, ಏರಿಕೆ ಇಳಿಕೆಗಳನ್ನು ಮಾತ್ರ ಎಣಿಸುವ ಸೈನ್ ಪರೀಕ್ಷೆ.

ಆರರ ಬದಲು ಎರಡೇ ಹೋಲಿಕೆ ಸಾಕಲ್ಲವೇ ಎಂದು ವಿದ್ಯಾರ್ಥಿನಿ ಕೊನೆಗೆ ಕೇಳಿದರು. ಸಿನಾಪ್ಸಿಸ್‌ನಲ್ಲಿ (ಅಧ್ಯಯನಕ್ಕೆ ಮುನ್ನ ಸಲ್ಲಿಸುವ ಯೋಜನೆ) ಮೊದಲೇ ಬರೆದಿದ್ದರೆ ಖಂಡಿತ ಸಾಕಿತ್ತು, ಫಲಿತಾಂಶ ನೋಡಿದ ಮೇಲೆ ಆರಿಸುವ ಹಾಗಿಲ್ಲ ಎಂದೆ. ಆರನ್ನೂ ಉಳಿಸಿಕೊಂಡೆವು. ಕೊನೆಯ ಹಂತದ ವ್ಯಾಯಾಮ ಪರಿಣಾಮಕಾರಿ ಎಂಬ ವಾಕ್ಯವನ್ನು ತೆಗೆಯಬೇಕಾಯಿತು. ಥೀಸಿಸ್ ಆಗಲೇ ಬೈಂಡಿಂಗ್ ಅಂಗಡಿಯಲ್ಲಿತ್ತು. ಅವರು ಅಲ್ಲಿಗೆ ಫೋನ್ ಹಚ್ಚಿ, ಒಂದೇ ಪುಟ ಬದಲಿಸಿದರೆ ಸಾಕೇನ್ರಿ ಎಂದು ನನ್ನತ್ತ ನೋಡಿದರು. ಅದೇ ವಾಕ್ಯ ಸಾರಾಂಶದಲ್ಲೂ ಇದೆ ಎಂದು ನೆನಪಿಸಿದೆ.