ಹಿಯರ್, ಲಿಸನ್ ಮತ್ತು ಮಗುವಿಗೆ ಮೊದಲೇ ಗೊತ್ತಿರುವ ವ್ಯತ್ಯಾಸ

ನಮಸ್ಕಾರ. ಪ್ರಾಥಮಿಕ ಶಾಲೆಯ ಇಂಗ್ಲಿಷ್ ಪಾಠವನ್ನು ಕುರಿತ ಈ ಮಾಲಿಕೆಯ ಹಿಂದಿನ ಕಂತನ್ನು ನೋಡಿದ ವೀಕ್ಷಕರೊಬ್ಬರು ನನಗೆ ಹೀಗೆ ಬರೆದಿದ್ದಾರೆ: ‘ಇಂಗ್ಲಿಷ್ ತರಗತಿಯಲ್ಲಿ ಕನ್ನಡದ ಒಂದು ಪದವೂ ಬರಕೂಡದು. ಹಿಯರ್ ಎಂದರೂ ಕೇಳು, ಲಿಸನ್ ಎಂದರೂ ಕೇಳು. ಕನ್ನಡದಲ್ಲಿ ಇಲ್ಲದ ವ್ಯತ್ಯಾಸವನ್ನು ಕನ್ನಡದಿಂದ ಕಲಿಸಲು ಹೊರಟಿದ್ದೀರಿ.’ ಈ ಮಾತಿನ ಮೊದಲ ಭಾಗವನ್ನು ಅನೇಕರ ಬಾಯಲ್ಲಿ ಕೇಳಿದ್ದೇನೆ. ಎರಡನೆಯ ಭಾಗವನ್ನು ಓದಿದ ಮೇಲೆ ಮಾತ್ರ ಇಂದಿನ ಕಂತಿಗೆ ಯೋಜಿಸಿದ್ದ ವಿಷಯವನ್ನು ಬದಿಗಿಟ್ಟು ಇದಕ್ಕೇ ಉತ್ತರ ಹೇಳಬೇಕೆನಿಸಿತು, ಏಕೆಂದರೆ ಆ ಮಾತು ನಿಜವಲ್ಲ. ಆ ವ್ಯತ್ಯಾಸ ಕನ್ನಡದಲ್ಲಿದೆ. ಅಷ್ಟೇ ಅಲ್ಲ, ಒಂದನೆಯ ತರಗತಿಗೆ ಬಂದು ಕುಳಿತ ಮಗುವಿನ ನಾಲಿಗೆಯ ಮೇಲೆ ಅದು ಆಗಲೇ ಇದೆ.

ಮೊಬೈಲಿನಲ್ಲಿ ಅಜ್ಜಿಯೊಡನೆ ಮಾತನಾಡುವ ಐದು ವರ್ಷದ ಮಗುವನ್ನು ಗಮನಿಸಿ. ಸಿಗ್ನಲ್ ಸರಿಯಿಲ್ಲದಿದ್ದರೆ ಅದು ‘ಅಜ್ಜಿ, ನಂಗೆ ಕೇಳಿಸ್ತಿಲ್ಲ’ ಎನ್ನುತ್ತದೆ. ಧಾರವಾಡದ ಕಡೆಯ ಮಗುವಾದರೆ ‘ನನಗ ಕೇಳಸವಲ್ದು’ ಎನ್ನುತ್ತದೆ, ಮಂಗಳೂರಿನ ಕಡೆಯ ಮಗುವಾದರೆ ‘ನಂಗೆ ಕೇಳುದಿಲ್ಲ’ ಎನ್ನುತ್ತದೆ. ಅದೇ ಮಗು ಕಥೆ ಬೇಕೆಂದಾಗ ‘ನಾನು ಕಥೆ ಕೇಳ್ತೀನಿ’ ಎನ್ನುತ್ತದೆಯೇ ಹೊರತು ‘ನನಗೆ ಕಥೆ ಕೇಳಿಸುತ್ತದೆ’ ಎನ್ನುವುದಿಲ್ಲ. ಒಂದೆಡೆ ‘ನನಗೆ’, ಇನ್ನೊಂದೆಡೆ ‘ನಾನು’. ಶಬ್ದ ತಾನಾಗಿ ಕಿವಿಗೆ ಬಂದಾಗ ಕನ್ನಡದ ಮಗು ತನ್ನನ್ನು ಚತುರ್ಥಿ ವಿಭಕ್ತಿಯಲ್ಲಿ ಇಟ್ಟುಕೊಳ್ಳುತ್ತದೆ. ತಾನೇ ಮನಸ್ಸಿಟ್ಟು ಕೇಳಿದಾಗ ತನ್ನನ್ನು ಕರ್ತೃವಿನ ಸ್ಥಾನದಲ್ಲಿ ನಿಲ್ಲಿಸಿಕೊಳ್ಳುತ್ತದೆ. ವಿಭಕ್ತಿ ಎಂಬ ಹೆಸರು ಅದಕ್ಕೆ ಗೊತ್ತಿರಬೇಕಾಗಿಲ್ಲ. ಹಿಯರ್ ಮತ್ತು ಲಿಸನ್‌ಗಳ ನಡುವಿನ ಗೆರೆ ಇದೇ. ಮೊದಲನೆಯದು ನಮಗೆ ಆಗುವಂಥದ್ದು, ಎರಡನೆಯದು ನಾವು ಮಾಡುವಂಥದ್ದು.

ಹೀಗಿರುವಾಗ ನಮ್ಮ ತರಗತಿಗಳಲ್ಲಿ ನಡೆಯುವುದೇನು? ಕಪ್ಪುಹಲಗೆಯ ಮೇಲೆ ಹಿಯರ್ ಎಂದು ಬರೆದು ಅದರ ಮುಂದೆ ‘ಕೇಳು’ ಎಂದು ಬರೆಯಲಾಗುತ್ತದೆ. ಮುಂದಿನ ಪಾಠದಲ್ಲಿ ಲಿಸನ್ ಬಂದಾಗ ಮತ್ತೆ ‘ಕೇಳು’. ಅದರ ಮುಂದಿನ ಪಾಠದಲ್ಲಿ ಆಸ್ಕ್ ಬಂದಾಗಲೂ ‘ಕೇಳು’. ಮೂರು ಇಂಗ್ಲಿಷ್ ಕ್ರಿಯಾಪದಗಳಿಗೆ ಒಂದೇ ಮೀನಿಂಗ್ ಬರೆಸಿ, ಅದನ್ನು ಬಾಯಿಪಾಠ ಮಾಡಿಸಿ, ಬಳಿಕ ಮಗು ‘ಐ ಆಮ್ ಹಿಯರಿಂಗ್ ದ ಸಾಂಗ್’ ಎಂದು ಬರೆದಾಗ ಕೆಂಪು ಶಾಯಿಯ ಗೆರೆ ಎಳೆಯುತ್ತೇವೆ. ಮಗು ನಾವು ಕೊಟ್ಟ ಪಟ್ಟಿಯನ್ನು ನಂಬಿ ಬರೆದಿದೆ. ತಪ್ಪು ಪಟ್ಟಿಯದು. ಪಟ್ಟಿಯಲ್ಲಿ ಕನ್ನಡ ಇದ್ದದ್ದರಿಂದ ತಪ್ಪಾಗಲಿಲ್ಲ, ಅರ್ಧ ಕನ್ನಡ ಇದ್ದದ್ದರಿಂದ ತಪ್ಪಾಯಿತು. ಹಿಯರ್‌ಗೆ ‘ಕೇಳಿಸು’ ಎಂದೂ ಲಿಸನ್‌ಗೆ ‘ಕಿವಿಗೊಟ್ಟು ಕೇಳು’ ಎಂದೂ ಬರೆದಿದ್ದರೆ ಪಾಠದ ಅರ್ಧ ಭಾಗ ಅಲ್ಲೇ ಮುಗಿಯುತ್ತಿತ್ತು.

‘ಕಿವಿಗೊಡು’ ಎಂಬ ನಮ್ಮ ಕ್ರಿಯಾಪದದ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ. ಲಿಸನ್ ಆದಮೇಲೆ ‘ಟು’ ಬರಬೇಕು ಎಂಬುದನ್ನು ಕಲಿಸಲು ಶಿಕ್ಷಕರು ಎಷ್ಟು ಕಷ್ಟಪಡುತ್ತಾರೆಂಬುದು ನನಗೆ ಗೊತ್ತು. ‘ಲಿಸನ್ ಮೈ ವರ್ಡ್ಸ್’, ‘ಲಿಸನ್ ಮ್ಯೂಸಿಕ್’ ಎಂದು ಮಕ್ಕಳು ಬರೆಯುತ್ತಲೇ ಇರುತ್ತಾರೆ, ಏಕೆಂದರೆ ಕನ್ನಡದಲ್ಲಿ ‘ಸಂಗೀತ ಕೇಳು’ ಎಂದರೆ ಸಾಕು, ನಡುವೆ ಯಾವ ಪ್ರತ್ಯಯವೂ ಬೇಡ. ಆದರೆ ‘ಕಿವಿಗೊಡು’ ಎನ್ನಿ. ಏನಕ್ಕೆ ಕಿವಿಗೊಡಬೇಕು? ಮಾತಿಗೆ, ಹಾಡಿಗೆ, ಪಾಠಕ್ಕೆ. ಆ ‘ಗೆ’ ಮತ್ತು ‘ಕ್ಕೆ’ಗಳು ಇರುವ ಸ್ಥಾನದಲ್ಲೇ ಇಂಗ್ಲಿಷಿನ ‘ಟು’ ಇದೆ. ಟೀಚರ್ ಮಾತಿಗೆ ಕಿವಿಗೊಡು: ಲಿಸನ್ ಟು ದ ಟೀಚರ್. ಇದನ್ನು ಒಮ್ಮೆ ತೋರಿಸಿಕೊಟ್ಟರೆ ಎರಡನೆಯ ತರಗತಿಯ ಮಗು ‘ಟು’ವನ್ನು ಬಿಡುವುದು ಎಷ್ಟೋ ಕಡಿಮೆಯಾಗುವುದನ್ನು ನಾನು ಕಂಡಿದ್ದೇನೆ. ಹಿಯರ್‌ಗೆ ಆ ‘ಟು’ ಏಕೆ ಬೇಡ ಎಂಬುದೂ ಜೊತೆಗೇ ತಿಳಿಯುತ್ತದೆ, ಏಕೆಂದರೆ ಅಲ್ಲಿ ನಾವು ಯಾವುದಕ್ಕೂ ಕಿವಿಯನ್ನು ಕೊಡುತ್ತಿಲ್ಲ, ಶಬ್ದವೇ ಬಂದು ಕಿವಿಗೆ ಬೀಳುತ್ತಿದೆ.

ಇನ್ನು ಆಟ. ಮಕ್ಕಳನ್ನು ಕಣ್ಣು ಮುಚ್ಚಿ ಕುಳಿತುಕೊಳ್ಳಲು ಹೇಳಿ. ಏನೂ ಸೂಚನೆ ಕೊಡದೆ ಹಿಂದಿನ ಬೆಂಚಿನ ಬಳಿ ಒಂದು ಸ್ಟೀಲ್ ತಟ್ಟೆಯನ್ನು ಕೆಳಕ್ಕೆ ಬೀಳಿಸಿ. ಎಲ್ಲರಿಗೂ ಕೇಳಿಸುತ್ತದೆ, ಯಾರೂ ಅದಕ್ಕಾಗಿ ಕಾದಿರಲಿಲ್ಲ. ‘ವಾಟ್ ಡಿಡ್ ಯೂ ಹಿಯರ್?’ ಎಂದು ಕೇಳಿ. ಬಳಿಕ ‘ಲಿಸನ್!’ ಎಂದು ಹೇಳಿ, ಬಿಸಿಯೂಟದ ಅಡುಗೆಮನೆಯ ಕುಕ್ಕರ್ ಎಷ್ಟು ಬಾರಿ ಸೀಟಿ ಹಾಕುತ್ತದೆ ಎಂದು ಎಣಿಸಲು ಹೇಳಿ. ಈಗ ಮಕ್ಕಳ ಮುಖವನ್ನೇ ನೋಡಿ. ಹುಬ್ಬು ಬಿಗಿಯುತ್ತದೆ, ಕತ್ತು ಒಂದು ಕಡೆಗೆ ವಾಲುತ್ತದೆ, ಪಕ್ಕದವನು ಪಿಸುಗುಟ್ಟಿದರೆ ‘ಶ್’ ಎನ್ನುತ್ತಾರೆ. ಅದು ಲಿಸನ್. ಮೂರನೆಯದಾಗಿ, ಕೈಗಡಿಯಾರವನ್ನು ಮೇಜಿನ ಮೇಲಿಟ್ಟು ಅದರ ಟಿಕ್ ಟಿಕ್ ಸದ್ದಿಗೆ ಕಿವಿಗೊಡಲು ಹೇಳಿ. ಮುಂದಿನ ಸಾಲಿನವರಿಗೆ ಕೇಳಿಸಬಹುದು, ಹಿಂದಿನ ಸಾಲಿನವರಿಗೆ ಕೇಳಿಸುವುದಿಲ್ಲ. ಆಗ ಹಿಂದಿನ ಸಾಲಿನ ಮಗು ಹೇಳಬಹುದಾದ ವಾಕ್ಯವೇ ಈ ಇಡೀ ಪಾಠದ ತಿರುಳು: ‘ಐ ಲಿಸನ್ಡ್, ಬಟ್ ಐ ಡಿಡ್ ನಾಟ್ ಹಿಯರ್.’ ಕಿವಿಗೊಟ್ಟು ಕೇಳಿದೆ, ಆದರೆ ಕೇಳಿಸಲಿಲ್ಲ. ಇದರ ತಿರುವುಮುರುವನ್ನು ಪ್ರತಿ ತಾಯಿಯೂ ದಿನವೂ ಮಗುವಿಗೆ ಹೇಳುತ್ತಾಳೆ: ‘ಕೇಳಿಸಿದರೂ ಕೇಳಿಸಿಕೊಳ್ಳುವುದಿಲ್ಲ ನೀನು.’ ಇಷ್ಟು ಸ್ಪಷ್ಟವಾದ ವಾಕ್ಯ ಮನೆಯಲ್ಲಿ ದಿನಬಳಕೆಯಲ್ಲಿರುವಾಗ, ಕನ್ನಡದಲ್ಲಿ ಆ ವ್ಯತ್ಯಾಸ ಇಲ್ಲ ಎಂದು ಹೇಳಲು ಹೇಗೆ ಸಾಧ್ಯ?

ಈ ಬಗೆಯ ಆಟ ನನ್ನ ಆವಿಷ್ಕಾರವಲ್ಲ. ಆಜ್ಞೆಯನ್ನು ಕೇಳಿ ದೇಹದಿಂದ ಉತ್ತರಿಸುತ್ತ ಭಾಷೆ ಕಲಿಯುವ ವಿಧಾನವನ್ನು ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಆಶರ್ 1960ರ ದಶಕದಲ್ಲಿ ರೂಪಿಸಿದರು. ನಮ್ಮದೇ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಮೊಳೆತ ನಲಿಕಲಿ ಪದ್ಧತಿ ಆಟ, ಹಾಡು, ಕಾರ್ಡುಗಳ ಮೂಲಕ ಕಲಿಸುವುದನ್ನು ಸರ್ಕಾರಿ ಶಾಲೆಯ ದಿನಚರಿಯೊಳಕ್ಕೇ ತಂದಿತು. ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುವುದು 2007ರಲ್ಲಿ ಆರಂಭವಾಯಿತು. ಅಂದರೆ ಆರು ವರ್ಷದ ಮಗುವಿನ ಎದುರು ನಿಂತು ಈ ಕ್ರಿಯಾಪದಗಳನ್ನು ಹೇಗೆ ಕಲಿಸಬೇಕೆಂಬ ಪ್ರಶ್ನೆ ನಮಗೆ ಹೊಸದಲ್ಲ, ಉತ್ತರಕ್ಕೆ ಬೇಕಾದ ಸಲಕರಣೆಗಳೂ ನಮ್ಮಲ್ಲಿವೆ. ಇಲ್ಲದಿರುವುದು ಕನ್ನಡವನ್ನು ಒಳಗೆ ಬಿಡುವ ಧೈರ್ಯ ಮಾತ್ರ.

‘ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕು, ಇಂಗ್ಲೆಂಡಿನ ಮಗು ಹಾಗೆಯೇ ಕಲಿಯುತ್ತದೆ’ ಎಂಬ ವಾದವನ್ನು ಮುಂದಿಡುವವರಿದ್ದಾರೆ. ಇಂಗ್ಲೆಂಡಿನ ಮಗು ಎದ್ದ ಗಳಿಗೆಯಿಂದ ಮಲಗುವವರೆಗೆ ಇಂಗ್ಲಿಷನ್ನೇ ಕೇಳಿಸಿಕೊಳ್ಳುತ್ತದೆ. ನಮ್ಮ ಮಗುವಿಗೆ ಸಿಗುವುದು ದಿನಕ್ಕೊಂದು ಪೀರಿಯಡ್, ಅದರಲ್ಲೂ ಹಾಜರಿ ಕರೆಯುವ ಹೊತ್ತನ್ನು ಕಳೆಯಬೇಕು. ಆ ಪೀರಿಯಡ್‌ನಲ್ಲಿ ಅರ್ಥವನ್ನು ಊಹಿಸುತ್ತ ಕೂರುವಷ್ಟು ಸಮಯ ಯಾವ ಮಗುವಿಗೂ ಇಲ್ಲ. ಮಾತೃಭಾಷೆಯಲ್ಲಿ ಅರ್ಥವನ್ನು ಒಮ್ಮೆ ಹೇಳಿ, ಉಳಿದ ಸಮಯವನ್ನೆಲ್ಲ ಇಂಗ್ಲಿಷಿನ ಅಭ್ಯಾಸಕ್ಕೆ ಮೀಸಲಿಡಬೇಕೆಂಬ ದ್ವಿಭಾಷಾ ವಿಧಾನವನ್ನು ವೇಲ್ಸಿನ ಸಿ. ಜೆ. ಡಾಡ್ಸನ್ 1967ರಲ್ಲೇ ಪ್ರತಿಪಾದಿಸಿದ್ದರು. ನಾನು ಹೇಳುತ್ತಿರುವುದೂ ಅಷ್ಟೇ. ಪೀರಿಯಡ್ ಪೂರ್ತಿ ಕನ್ನಡದಲ್ಲಿ ಮಾತನಾಡಿ ಎಂದು ನಾನು ಎಲ್ಲಿಯೂ ಹೇಳಿಲ್ಲ. ಒಂದು ವಾಕ್ಯ ಕನ್ನಡದಲ್ಲಿ, ಬಳಿಕ ಇಪ್ಪತ್ತು ವಾಕ್ಯ ಇಂಗ್ಲಿಷಿನಲ್ಲಿ.

‘ತರಗತಿಯಲ್ಲಿ ಎಲ್ಲರ ಮನೆಮಾತೂ ಕನ್ನಡವಲ್ಲವಲ್ಲ’ ಎಂಬುದು ಇನ್ನೊಂದು ಆಕ್ಷೇಪ. ನಿಜ, ಅಲ್ಲ. ಬಳ್ಳಾರಿಯ ತರಗತಿಯಲ್ಲಿ ತೆಲುಗು ಇದೆ, ಬೆಳಗಾವಿಯಲ್ಲಿ ಮರಾಠಿ ಇದೆ, ಊರೂರಲ್ಲಿ ಉರ್ದು ಇದೆ. ಆದರೆ ತೆಲುಗಿನಲ್ಲಿ ‘ವಿನಿಪಿಂಚು’ ಬೇರೆ, ‘ವಿನು’ ಬೇರೆ. ಉರ್ದುವಿನಲ್ಲಿ ‘ಸುನಾಯಿ ದೇನಾ’ ಬೇರೆ, ‘ಸುನ್ನಾ’ ಬೇರೆ. ಮರಾಠಿಯಲ್ಲಿ ‘ಐಕೂ ಯೇಣೇ’ ಬೇರೆ, ‘ಐಕಣೇ’ ಬೇರೆ. ಆ ಮಕ್ಕಳಿಗೂ ವ್ಯತ್ಯಾಸ ಗೊತ್ತಿದೆ. ಅವರವರ ಭಾಷೆಯಲ್ಲಿ ಹೇಳಲು ಅವರಿಗೇ ಅವಕಾಶ ಕೊಡಿ, ಶಿಕ್ಷಕರಿಗೆ ಆ ಭಾಷೆ ಬರಲೇಬೇಕೆಂದಿಲ್ಲ. ಮನೆಮಾತು ಬೇರೆಯಾದ ಮಕ್ಕಳಿಗೆ ದ್ವಿಭಾಷಾ ವಿಧಾನದಲ್ಲಿ ಕಲಿಸಲು ಶಿಕ್ಷಕರನ್ನು ಪ್ರೋತ್ಸಾಹಿಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳುತ್ತದೆ. ಆದ್ದರಿಂದ ಈ ಆಕ್ಷೇಪ ನನ್ನ ವಾದವನ್ನು ಬಲಪಡಿಸುತ್ತದೆಯೇ ಹೊರತು ತಗ್ಗಿಸುವುದಿಲ್ಲ.

‘ನ್ಯಾಯಾಲಯದಲ್ಲಿ ಹಿಯರಿಂಗ್ ಎನ್ನುತ್ತಾರಲ್ಲ, ಅಲ್ಲಿ ನ್ಯಾಯಾಧೀಶರು ಮನಸ್ಸಿಟ್ಟೇ ಕೇಳುತ್ತಾರಲ್ಲ’ ಎಂದು ಕೇಳಿದವರೂ ಇದ್ದಾರೆ. ಏಳು ವರ್ಷದ ಮಗು ನ್ಯಾಯಾಲಯಕ್ಕೆ ಹೋಗುವುದಿಲ್ಲ. ಅದು ಹೈಸ್ಕೂಲಿಗೆ ಬಂದಾಗ ಆ ಮಾತು ಹೇಳೋಣ.

ಕನ್ನಡ ನೆರವಿಗೆ ಬಾರದ ಒಂದು ಜಾಗವಿದೆ, ಅದನ್ನು ಮುಚ್ಚಿಡುವುದಿಲ್ಲ. ನಾವು ‘ಕೇಳಿಸುತ್ತಿದೆ’ ಎನ್ನುತ್ತೇವೆ, ಆದ್ದರಿಂದ ಮಗು ‘ಐ ಆಮ್ ಹಿಯರಿಂಗ್ ಎ ಸೌಂಡ್’ ಎನ್ನುತ್ತದೆ. ಈ ಅರ್ಥದಲ್ಲಿ ಹಿಯರ್ ಸಾಮಾನ್ಯವಾಗಿ ಆ ರೂಪವನ್ನು ತಾಳುವುದಿಲ್ಲ, ಲಿಸನ್ ತಾಳುತ್ತದೆ. ಇದಕ್ಕೆ ಚಿಕ್ಕ ಮಕ್ಕಳಿಗೆ ನಿಯಮ ಹೇಳಬೇಡಿ. ‘ಐ ಕ್ಯಾನ್ ಹಿಯರ್’ ಎಂಬ ಮೂರು ಪದಗಳನ್ನು ಒಂದೇ ಪದದಂತೆ ಬಾಯಿಗೆ ಹತ್ತಿಸಿ: ಐ ಕ್ಯಾನ್ ಹಿಯರ್ ಎ ಕ್ರೋ, ಐ ಕ್ಯಾನ್ ಹಿಯರ್ ಎ ಬಸ್, ಕ್ಯಾನ್ ಯೂ ಹಿಯರ್ ಮಿ? ಕಾಗೆಯೂ ಬಸ್ಸೂ ಯಾವ ಶಾಲೆಯ ಕಿಟಕಿಯ ಹೊರಗೂ ಸಿಗುತ್ತವೆ. ಲಿಸನ್ ಪದದಲ್ಲಿ ‘ಟ’ಕಾರದ ಉಚ್ಚಾರವಿಲ್ಲ ಎಂಬುದನ್ನೂ ಮೊದಲ ದಿನವೇ ಸರಿಪಡಿಸಿ, ಆಮೇಲೆ ತಿದ್ದುವುದು ಕಷ್ಟ. ಈ ವಾಕ್ಯಗಳಿಗೆ ಹೊಂದುವ ಚಿತ್ರದ ಕಾರ್ಡುಗಳನ್ನು ನಾನು ತಯಾರಿಸಿದ್ದೇನೆ. ಕೊಂಡಿ ಈ ಕಂತಿನ ವಿವರಣೆಯಲ್ಲಿದೆ, ಹಣ ಕೊಡಬೇಕಾಗಿಲ್ಲ, ಮುದ್ರಿಸಿಕೊಂಡು ಬಳಸಿ. ಈ ವಾಹಿನಿಗೆ ಇನ್ನೂ ಚಂದಾದಾರರಾಗಿಲ್ಲದವರು ಈಗಲೇ ಆಗಿ, ನಿಮ್ಮ ಶಾಲೆಯ ಶಿಕ್ಷಕರ ವಾಟ್ಸಾಪ್ ಗುಂಪಿಗೂ ಇದನ್ನು ಕಳುಹಿಸಿ.

ಮತ್ತೆ ಅದೇ ಮಾತಿಗೆ ಬರುತ್ತೇನೆ, ಏಕೆಂದರೆ ಅದನ್ನು ಎಷ್ಟು ಬಾರಿ ಹೇಳಿದರೂ ನನಗೆ ಸಾಕೆನಿಸುವುದಿಲ್ಲ. ವ್ಯತ್ಯಾಸ ಮಗುವಿಗೆ ಗೊತ್ತಿದೆ. ಗೊತ್ತಿರುವ ಮಗುವನ್ನು ಏನೂ ಗೊತ್ತಿಲ್ಲದವರಂತೆ ಕೂರಿಸಿ, ಅದರ ಬಾಯಿಗೆ ಬೀಗ ಹಾಕಿ, ಕನ್ನಡ ಮಾತನಾಡಿದರೆ ದಂಡ ಕಟ್ಟಿಸಿ, ಆಮೇಲೆ ‘ಈ ಮಕ್ಕಳಿಗೆ ಇಂಗ್ಲಿಷ್ ತಲೆಗೆ ಹತ್ತುವುದಿಲ್ಲ’ ಎಂದು ಪೋಷಕರ ಸಭೆಯಲ್ಲಿ ಹೇಳುವುದು ಅನ್ಯಾಯ. ದಂಡ ಕಟ್ಟಿಸುವ ಶಾಲೆಗಳು ಇಂದಿಗೂ ಇವೆ. ಅಂಥ ಶಾಲೆಯ ಆಡಳಿತ ಮಂಡಳಿಯವರು ಈ ಕಂತನ್ನು ನೋಡುತ್ತಿದ್ದರೆ ನಾಳೆಯೇ ಆ ನಿಯಮವನ್ನು ತೆಗೆದುಹಾಕಿ. ಕಾರಣ ಬೇಕೆಂದರೆ ಮೇಲೆ ಹೇಳಿದ್ದನ್ನೆಲ್ಲ ಮತ್ತೊಮ್ಮೆ ಕೇಳಿ. ಕಾರಣ ಬೇಡವೆಂದರೂ ತೆಗೆದುಹಾಕಿ. ಆರು ವರ್ಷದ ಮಗು ತನ್ನ ತಾಯಿಯ ಮಾತಿನಲ್ಲಿ ‘ನನಗೆ ಕೇಳಿಸಲಿಲ್ಲ, ಮಿಸ್’ ಎಂದದ್ದಕ್ಕೆ ಹಣ ವಸೂಲು ಮಾಡುವುದನ್ನು ನಾನು ಶಿಕ್ಷಣವೆಂದು ಒಪ್ಪುವುದಿಲ್ಲ, ಒಪ್ಪುವುದೇ ಇಲ್ಲ.

ಮುಂದಿನ ಕಂತಿನಲ್ಲಿ ಸೀ ಮತ್ತು ಲುಕ್ ಪದಗಳನ್ನು ತೆಗೆದುಕೊಳ್ಳುತ್ತೇನೆ. ಅಲ್ಲಿಯೂ ‘ನನಗೆ ಕಾಣಿಸಿತು’, ‘ನಾನು ನೋಡಿದೆ’ ಎಂಬ ಜೋಡಿ ನಮ್ಮಲ್ಲಿ ಸಿದ್ಧವಾಗಿದೆ. ಆದರೆ ವಾಚ್ ಎಂಬ ಮೂರನೆಯ ಕ್ರಿಯಾಪದ ಬಂದು ಸೇರುವುದರಿಂದ ಕೆಲಸ ಕೊಂಚ ಹೆಚ್ಚು. ಟಿ.ವಿ. ನೋಡುವುದಕ್ಕೂ ಗೋಡೆಯ ಮೇಲಿನ ಚಿತ್ರ ನೋಡುವುದಕ್ಕೂ ಇರುವ ಭೇದವನ್ನು ನಿಮ್ಮ ಮಕ್ಕಳು ಮನೆಮಾತಿನಲ್ಲಿ ಹೇಗೆ ಹೇಳುತ್ತಾರೆ ಎಂಬುದನ್ನು ಈ ವಾರ ಗಮನಿಸಿ ನನಗೆ ಬರೆಯಿರಿ. ತುಳು, ಕೊಂಕಣಿ, ಬ್ಯಾರಿ, ಕೊಡವ, ಲಂಬಾಣಿ ಮಾತನಾಡುವ ಮನೆಗಳಿಂದ ಬರುವ ಪತ್ರಗಳನ್ನು ಮೊದಲು ಓದುತ್ತೇನೆ.