ಅರ್ಧ ಸಿಕ್ರೆ ಒಪ್ಕೋಬೇಕಾ? ಪಾರ್ಟಿ ದುಡ್ಡಿನ ಕಾನೂನು ಮತ್ತು ಹೋರಾಟಗಾರರ ಸಂಕಟ

ನಮಸ್ಕಾರ, ಹಾಸನದಿಂದ ಮಾತಾಡ್ತಿದೀನಿ. ನಮ್ಮ ಸಕಲೇಶಪುರ, ಆಲೂರು ಕಡೆ ತೋಟದವ್ರನ್ನ ಕೇಳಿ ನೋಡಿ, ಆನೆ ತುಳಿದ ಬೆಳೆಗೆ ಪರಿಹಾರ ಜಾಸ್ತಿ ಮಾಡ್ತೀವಿ ಅಂದ್ರೆ ಇಸ್ಕೊಂಡು ಸುಮ್ಮನಾಗೋದಾ, ಇಲ್ಲ ಆನೆ ತೋಟಕ್ಕೆ ಬರ್ದೇ ಇರೋ ಹಾಗೆ ಮಾಡಿ ಅಂತ ಪಟ್ಟು ಹಿಡಿಯೋದಾ? ಇಸ್ಕೊಂಡ್ರೆ ಹೋರಾಟ ತಣ್ಣಗಾಗುತ್ತೆ, ಬೇಡ ಅಂದ್ರೆ ಈ ವರ್ಷದ ಸಾಲ ಯಾರು ಕಟ್ತಾರೆ. ಪಾರ್ಟಿ ದುಡ್ಡಿಗೆ ಲಗಾಮು ಹಾಕಿ ಅನ್ನೋ ಸಂಘಟನೆಗಳದ್ದೂ ಇದೇ ಸಂಕಟ.

ಅಮೆರಿಕದ್ದು ಮೊದ್ಲು ಹೇಳ್ತೀನಿ. ಅಲ್ಲಿ ಕಂಪನಿಗಳು, ಯೂನಿಯನ್‌ಗಳು ಪಾರ್ಟಿಗೆ ಮಿತಿಯೇ ಇಲ್ಲದೆ ದುಡ್ಡು ಕೊಡ್ತಿದ್ವು, ಸಾಫ್ಟ್ ಮನಿ ಅಂತ ಅದ್ರ ಹೆಸ್ರು. ಅದನ್ನ ನಿಲ್ಸೋಕೆ ಇಬ್ರು ಸೆನೆಟರ್‌ಗಳ ಹೆಸ್ರಿನ ಮೆಕೇನ್-ಫೈನ್‌ಗೋಲ್ಡ್ ಬಿಲ್ ಬಂತು, ಆದ್ರೆ ಅಲ್ಲಿನ ಮೇಲ್ಮನೆ ಸೆನೆಟ್‌ನಲ್ಲಿ ಅಡ್ಡ ಹಾಕೋರನ್ನ ದಾಟೋಕೆ 60 ಓಟು ಬೇಕಲ್ಲ, ಹಂಗಾಗಿ ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ಕೊಡೋ ಮಿತಿನ 1,000 ಡಾಲರಿಂದ 2,000ಕ್ಕೆ ಏರಿಸೋದೂ ಅದ್ರೊಳಗೆ ಸೇರ್ಕೊಂಡ್ತು. ಪಾರ್ಟಿ ದುಡ್ಡಿಗೆ ಲಗಾಮು ಕೇಳ್ತಿದ್ದ ಕಾಮನ್ ಕಾಸ್ ಅನ್ನೋ ಸಂಘಟನೆ ಬಿಲ್ ಬೆನ್ನಿಗೆ ನಿಲ್ತು. ಪಿರ್ಗ್ ಅನ್ನೋ ಗುಂಪು ಮಾತ್ರ ಮಿತಿ ಏರಿಸಿದ್ದನ್ನ ಒಪ್ಲೇ ಇಲ್ಲ. 2002ರ ಮಾರ್ಚ್‌ನಲ್ಲಿ 60-40ರಲ್ಲಿ ಪಾಸಾಯ್ತು. ಸಾವಿರ ಡಾಲರ್ ಕೊಡೋ ತಾಕತ್ತೇ ಎಷ್ಟು ಜನಕ್ಕಿರುತ್ತೆ ಹೇಳಿ, ಪಿರ್ಗ್‌ನವ್ರ ಸಿಟ್ಟು ನ್ಯಾಯವಾಗೇ ಇತ್ತು. ಆದ್ರೂ ನಾನಾಗಿದ್ರೆ ಒಪ್ಕೊಂಡು ಬಿಡ್ತಿದ್ದೆ.

ನಮ್ಮಲ್ಲಿ ಕಥೆ ಬೇರೆ. 2017ರ ಬಜೆಟ್‌ನಲ್ಲಿ ಆಗಿನ ಹಣಕಾಸು ಮಂತ್ರಿ ಜೇಟ್ಲಿ ಅವ್ರು ಪಾರ್ಟಿ ಒಬ್ಬರಿಂದ ನಗದಾಗಿ ತಗೊಳ್ಳೋ ದೇಣಿಗೆಗೆ 2,000 ರೂಪಾಯಿ ಮಿತಿ ಹಾಕಿದ್ರು, ಒಳ್ಳೇದೇ, ಆದ್ರೆ ಅದ್ರ ಜೊತೇಲೇ ಬ್ಯಾಂಕಲ್ಲಿ ಕೊಂಡು ಪಾರ್ಟಿಗೆ ಕೊಡೋ, ಯಾರು ಕೊಟ್ರು ಅಂತ ಜನಕ್ಕೆ ಗೊತ್ತಾಗದ ಚುನಾವಣಾ ಬಾಂಡ್ ಬಂತು, ಕಂಪನಿಗಳು ಲಾಭದ 7.5% ದಾಟಿ ಕೊಡಬಾರದು ಅನ್ನೋ ಮಿತಿನೂ ಹೋಯ್ತು. ಮನಿ ಬಿಲ್ ಆಗಿದ್ದಕ್ಕೆ ರಾಜ್ಯಸಭೆ ತಡೆಯೋ ಹಾಗೂ ಇರ್ಲಿಲ್ಲ, ಚೌಕಾಸಿ ಮಾಡೋಕೆ ಜಾಗವೇ ಇಲ್ಲ. ಚುನಾವಣಾ ಸುಧಾರಣೆಗೆ ಹೋರಾಡೋ ಎಡಿಆರ್ ಸಂಸ್ಥೆ ಮತ್ತು ಇಲ್ಲಿನ ಕಾಮನ್ ಕಾಸ್, ಹೆಸ್ರು ಒಂದೇ ಆದ್ರೂ ಇದು ದೆಹಲಿದು, ಇಬ್ರೂ ಸೀದಾ ಸುಪ್ರೀಂ ಕೋರ್ಟಿಗೆ ಹೋದ್ರು. ಐದು ಜಡ್ಜ್‌ಗಳೂ ಒಂದೇ ದನಿಲಿ ಬಾಂಡ್ ರದ್ದು ಮಾಡಿದ್ದು 15 ಫೆಬ್ರವರಿ 2024ಕ್ಕೆ. ಅಷ್ಟೊತ್ತಿಗೆ 2019ರ ಲೋಕಸಭೆ, ನಮ್ಮ 2023ರ ವಿಧಾನಸಭೆ ಎರಡೂ ಮುಗಿದು ಹೋಗಿತ್ತು. ಪಟ್ಟು ಹಿಡಿದಿದ್ದಕ್ಕೆ ತೆತ್ತ ಬೆಲೆ ಅದು, ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ.

ಇನ್ನೊಂದು ಉಳಿದಿದೆ. 20,000ದ ಒಳಗೆ ಕೊಟ್ಟೋರ ಹೆಸ್ರನ್ನ ಪಾರ್ಟಿ ಈಗ್ಲೂ ಚುನಾವಣಾ ಆಯೋಗಕ್ಕೆ ತಿಳಿಸ್ಬೇಕಾಗಿಲ್ಲ. ಹಾಗಂತ ಎಲ್ಲರ ಹೆಸ್ರೂ ಹಾಕಿ ಅಂದ್ರೆ, ಊರಲ್ಲಿ ನೂರು ರೂಪಾಯಿ ಕೊಟ್ಟ ಕೂಲಿಯವ್ನೂ ಎದುರು ಪಾರ್ಟಿಯವ್ರ ಕಣ್ಣಿಗೆ ಬೀಳ್ತಾನೆ, ನಾಳೆ ಪಂಚಾಯ್ತಿಲಿ ಅವ್ನ ಅರ್ಜಿ ಮುಂದಕ್ಕೆ ಹೋಗುತ್ತಾ? ಗೆರೆ ಎಲ್ಲಿ ಎಳೀಬೇಕು ಅನ್ನೋದೇ ಕಷ್ಟ. ನನ್ನ ಪ್ರಕಾರ 2,000ಕ್ಕೆ ಎಳೀಲಿ, ನಗದಿಗೆ ಆ ಗೆರೆ ಆಗ್ಲೇ ಇದೆಯಲ್ಲ.